ತೊಕ್ಕೊಟ್ಟಿನಲ್ಲಿ ವಾಲಿಯ ಅಹವಾಲು

ಸತ್ತವರು ಚಾ ಕುಡಿಯುವುದನ್ನು ನೋಡಬೇಕಿದ್ದರೆ ಸಂಜೆ ಏಳರ ಮೇಲೆ ಮಂಗಳೂರಿನ ಹತ್ತಿರದ ತೊಕ್ಕೊಟ್ಟಿಗೆ ಹೋಗಬೇಕು. ಜಂಕ್ಷನ್ನಿನಿಂದ ತುಸು ಒಳಗಿರುವ ಸಣ್ಣ ಹೋಟೆಲೊಂದರ ಕೊನೆಯ ಮೇಜಿನಲ್ಲಿ ನಾಲ್ವರು ಹುಡುಗರು ಫೋನನ್ನು ಅಡ್ಡ ಹಿಡಿದು ಕೂತಿರುತ್ತಾರೆ.

"ನಾನು ಸತ್ತೆ ಮಾರಾಯ," ಎನ್ನುತ್ತಾನೆ ಒಬ್ಬ, ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತ.

"ಎಲ್ಲಿ?"

"ಶಾಲೆಯ ಟೆರೇಸಿನಲ್ಲಿ."

"ಅಲ್ಲಿಗೆ ಹೋಗ್ಲಿಕ್ಕೆ ಯಾರು ಹೇಳಿದ್ದು ನಿನಗೆ? ಸರಿ, ಎರಡು ಚಾ ಹೇಳು. ನಾನೂ ಈಗ ಸಾಯ್ತೇನೆ."

ಪಕ್ಕದ ಮೇಜಿನಲ್ಲಿ ಮಗನ ಶಾಲೆಯ ಫೀಸಿನ ರಶೀದಿ ಮಡಚುತ್ತಿದ್ದ ಗಿರಾಕಿಯೊಬ್ಬರು ಅರ್ಧ ಚಾ ಬಿಟ್ಟೇ ಎದ್ದು ಹೋದದ್ದುಂಟು.

ಈ ಸಾವುಗಳೆಲ್ಲ ಸಂಭವಿಸುವುದು ಎರಾಂಗೆಲ್ ಎಂಬ ದ್ವೀಪದಲ್ಲಿ. ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅಂದರೆ ಹುಡುಗರ ಬಾಯಲ್ಲಿ ಬರೀ ಬಿಜಿಎಂಐ, ಅದರ ಹಳೆಯ ನಕ್ಷೆ ಇದು. ನೂರು ಜನ ವಿಮಾನದಿಂದ ಬರಿಗೈಯಲ್ಲಿ ಹಾರಿ, ಯಾರದೋ ಮನೆಗೆ ನುಗ್ಗಿ, ಸಿಕ್ಕಿದ ಕೋವಿ ಎತ್ತಿಕೊಂಡು ಹೊಡೆದಾಡಬೇಕು. ಕೊನೆಗೆ ಉಳಿದವನಿಗೆ ಚಿಕನ್ ಡಿನ್ನರ್. ಡಿನ್ನರ್ ಎಂದರೆ ಪರದೆಯ ಮೇಲೆ ಮೂಡುವ ಅಕ್ಷರ ಮಾತ್ರ, ಕೋಳಿಯ ಬಿಲ್ಲನ್ನು ಹೋಟೆಲಿನವರಿಗೆ ಬೇರೆಯೇ ಕೊಡಬೇಕಾಗುತ್ತದೆ. ಆಟದ ಕಲ್ಪನೆ ಐರ್ಲೆಂಡಿನ ಬ್ರೆಂಡನ್ ಗ್ರೀನ್ ಎಂಬವರದು, ಕಂಪೆನಿ ದಕ್ಷಿಣ ಕೊರಿಯಾದ್ದು. ದ್ವೀಪ 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ. ಊರಿನ ಅಳತೆಯಲ್ಲಿ ಹೇಳುವುದಾದರೆ ನೇತ್ರಾವತಿ ಸೇತುವೆಯಿಂದ ಹೆಚ್ಚುಕಡಿಮೆ ತಲಪಾಡಿಯವರೆಗೆ, ಉಳ್ಳಾಲದ ಕಡಲಿನಿಂದ ದೇರಳಕಟ್ಟೆ ದಾಟಿ ಕೊಣಾಜೆಯ ಹತ್ತಿರದವರೆಗೆ. ಆಟ ಮುಂದುವರಿದಂತೆ ಸುತ್ತಲಿನ ನೀಲಿ ಗೆರೆ ಕುಗ್ಗುತ್ತ ಬಂದು ಎಲ್ಲರನ್ನೂ ಒಂದೇ ಜಾಗಕ್ಕೆ ಒತ್ತುತ್ತದೆ. ಇದನ್ನು ಊಹಿಸಿಕೊಳ್ಳಲು ತೊಕ್ಕೊಟ್ಟಿನವರಿಗೆ ಏನೂ ಕಷ್ಟವಿಲ್ಲ. ಉಳ್ಳಾಲದ ಬಸ್ಸು, ದೇರಳಕಟ್ಟೆಯ ಬಸ್ಸು, ಕಾಸರಗೋಡಿನಿಂದ ಬರುವ ಬಸ್ಸು ಎಲ್ಲವೂ ಬೆಳಿಗ್ಗೆ ಒಂಬತ್ತಕ್ಕೆ ಅದೇ ಜಂಕ್ಷನ್ನಿಗೆ ಕುಗ್ಗುವುದನ್ನು ಅವರು ದಿನಾ ನೋಡುತ್ತಾರೆ.

ಸೈನಿಕರ ಭಾಷೆಯದೇ ಒಂದು ಕತೆ. ಒಬ್ಬ ತುಳುವಿನಲ್ಲಿ "ಪಿರ ಬಲ" ಎಂದು ಹಿಂದಕ್ಕೆ ಕರೆಯುತ್ತಾನೆ. ಇನ್ನೊಬ್ಬ ಕೊಂಕಣಿಯಲ್ಲಿ "ರಾವ್ ರೇ" ಎಂದು ನಿಲ್ಲಿಸುತ್ತಾನೆ. ಕಣ್ಣೂರಿನಿಂದ ಓದಲು ಬಂದವನು "ಓಡಿಕ್ಕೋ" ಎಂದು ಮಲಯಾಳದಲ್ಲಿ ಅರಚುತ್ತಾನೆ. ನಾಲ್ಕನೆಯವನು ಬ್ಯಾರಿಯಲ್ಲಿ ನೆಟ್‌ವರ್ಕಿಗೆ ಶಾಪ ಹಾಕುತ್ತಾನೆ. ಹಿಂದಕ್ಕೆ ಬರಬೇಕೋ, ನಿಲ್ಲಬೇಕೋ, ಓಡಬೇಕೋ ಎಂಬ ತೀರ್ಮಾನಕ್ಕೆ ಬರುವುದರೊಳಗೆ ಗುಂಡು ಬಿದ್ದಿರುತ್ತದೆ. ಆಮೇಲೆ ಯಾರ ತಪ್ಪು ಎಂಬ ವಿಚಾರಣೆ ನಡೆಯುವುದು ಮಾತ್ರ ಅಚ್ಚ ಮಂಗಳೂರು ಕನ್ನಡದಲ್ಲಿ. ಜಗಳಕ್ಕೆ ಎಲ್ಲರಿಗೂ ತಿಳಿಯುವ ಭಾಷೆ ಬೇಕಲ್ಲ.

ಗುಂಪಿನಲ್ಲಿ ಫಾರ್ಮಸಿ ಓದುವವನೊಬ್ಬ ಇದ್ದಾನೆ. ಆಟದಲ್ಲಿ ಎಲ್ಲರಿಗಿಂತ ಮೊದಲು ಸಾಯುವವನು ಅವನೇ, ಹಾಗಾಗಿ ಪುಸ್ತಕ ಓದಲು ಅವನಿಗೆ ಬೇಕಾದಷ್ಟು ಪುರುಸೊತ್ತು. ಡ್ರ್ಯಾಗನ್ನು, ಮಾಂತ್ರಿಕ, ಉಂಗುರ ಇಲ್ಲದ ಕತೆ ಅವನಿಗೆ ರುಚಿಸುವುದಿಲ್ಲ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಡ್ರ್ಯಾಗನ್ ಕತೆಯ ಮೊದಲ ಸಂಪುಟ ಬಂದದ್ದು 1996ರಲ್ಲಿ. ಐದನೆಯದು ಬಂದದ್ದು 2011ರಲ್ಲಿ. ಆರನೆಯದಕ್ಕೆ ಜಗತ್ತು ಇನ್ನೂ ಕಾಯುತ್ತಿದೆ. ಬೇರೆ ಊರಿನ ಅಭಿಮಾನಿಗಳು ಈ ಕಾಯುವಿಕೆಗೆ ಸಿಟ್ಟಾಗುತ್ತಾರಂತೆ. ತೊಕ್ಕೊಟ್ಟಿನವರಿಗೆ ಅಭ್ಯಾಸವಿದೆ. ಹೆದ್ದಾರಿಯ ಕಾಮಗಾರಿಯನ್ನು ನೋಡುತ್ತಲೇ ಬೆಳೆದ ಮಕ್ಕಳಿವರು. ಟಿವಿಯಲ್ಲಿ ಆ ಡ್ರ್ಯಾಗನ್ ಕತೆ ಮುಗಿದ 2019ರಲ್ಲೇ ತೊಕ್ಕೊಟ್ಟಿನ ಫ್ಲೈಓವರ್ ತೆರೆಯಿತು. ಇಡೀ ಕರಾವಳಿಯ ನಗೆಹನಿಗಳಿಗೆ ವರ್ಷಗಟ್ಟಲೆ ಸರಕು ಒದಗಿಸಿದ ಪಂಪ್‌ವೆಲ್ ಫ್ಲೈಓವರ್ ಕೂಡ 2020ರ ಜನವರಿ 31ರಂದು ಉದ್ಘಾಟನೆಯಾಯಿತು. "ಪಂಪ್‌ವೆಲ್ಲೇ ಆಯ್ತು ಮಾರಾಯ, ಇವರಿಗೆ ಒಂದು ಪುಸ್ತಕ ಮುಗಿಸ್ಲಿಕ್ಕೆ ಎಂತ ಧಾಡಿ?" ಎಂಬುದು ಫಾರ್ಮಸಿಯವನ ಅಳಲು. ನ್ಯಾಯವಾದ ಅಳಲು.

ಹೋಟೆಲಿನ ಇನ್ನೊಂದು ಮೂಲೆಯಲ್ಲಿ ದಿನಾ ಸಂಜೆ ಬಂದು ಕೂರುವ ನಿವೃತ್ತ ಮಾಸ್ಟ್ರೊಬ್ಬರಿದ್ದಾರೆ. ಪತ್ತನಾಜೆ ಕಳೆದು, ಯಕ್ಷಗಾನ ಮೇಳಗಳೆಲ್ಲ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದುದ್ದಕ್ಕೂ ನಡೆಯುವ ತಾಳಮದ್ದಳೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಅವರದೇ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಪಂಚೆ ಶಾಲಿನ ಅರ್ಥಧಾರಿಗಳು ಕೂತಲ್ಲೇ ರಾಮನೋ ರಾವಣನೋ ಆಗಿ ವಾದಿಸುತ್ತಾರೆ. ಬರೆದಿಟ್ಟ ಮಾತು ಒಂದೂ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಪ್ರತಿನಾಯಕರ ಪಾತ್ರ ವಹಿಸಿದಾಗ ನಾಯಕನಿಗೆ ಬೆವರು ಬರುತ್ತಿತ್ತು ಎಂದು ಮಾಸ್ಟ್ರು ಈಗಲೂ ಕಣ್ಣರಳಿಸಿ ಹೇಳುತ್ತಾರೆ. ಅವರ ಪ್ರಕಾರ ತಾಳಮದ್ದಳೆಯ ನಿಜವಾದ ಸ್ವಾರಸ್ಯ ಮರುದಿನ ಬೆಳಿಗ್ಗೆ. ಯಾರು ಗೆದ್ದರು, ಯಾರು ಜಾರಿಕೊಂಡರು ಎಂದು ಬಸ್‌ಸ್ಟ್ಯಾಂಡಿನಲ್ಲಿ ಎರಡು ಪಕ್ಷವಾಗಿ ಜಗಳ ಆಡುವುದರಲ್ಲಿ.

ಇಂಥವರು ಹುಡುಗರ ಮೇಜಿನಿಂದ ಎಷ್ಟು ದಿನ ದೂರ ಇದ್ದಾರು?

ಅವರನ್ನು ಎಳೆದು ತಂದದ್ದು ಟೋಲ್ಕೀನರ ಹದ್ದುಗಳು. 1954–55ರಲ್ಲಿ ಮೂರು ಸಂಪುಟವಾಗಿ ಬಂದ ಉಂಗುರದ ಆ ಮಹಾಕತೆಯ ಬಗ್ಗೆ ಅಭಿಮಾನಿಗಳು ಜಗತ್ತಿನೆಲ್ಲೆಡೆ ಕೇಳುವ ಒಂದು ಪ್ರಶ್ನೆ ಉಂಟು. ಅಷ್ಟು ದೊಡ್ಡ ಹದ್ದುಗಳು ಇರುವಾಗ ಉಂಗುರವನ್ನು ಕಾಲ್ನಡಿಗೆಯಲ್ಲಿ ಹೊತ್ತುಕೊಂಡು ಹೋದದ್ದು ಯಾಕೆ? ಹದ್ದಿನ ಮೇಲೆ ಕೂತು, ಬೆಂಕಿ ಬೆಟ್ಟದ ಮೇಲಿನಿಂದ ಬಿಸಾಡಿ ಬರಬಹುದಿತ್ತಲ್ಲ? ಫಾರ್ಮಸಿಯವನು ಇದನ್ನು ಭಾರೀ ಸಂಶೋಧನೆಯ ಹಾಗೆ ಮಂಡಿಸುತ್ತಿದ್ದಾಗ ಮೂಲೆಯಿಂದ ಕೆಮ್ಮು ಕೇಳಿತು.

"ಹನುಮಂತ ಸೀತೆಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಯಾಕೆ ಬರಲಿಲ್ಲ, ಹೇಳು ನೋಡುವ?"

ಮೇಜು ಮೌನ.

"ಅವನು ಬರುತ್ತೇನೆಂದೇ ಹೇಳಿದ. ಸುಂದರಕಾಂಡದಲ್ಲಿ ಉಂಟು. ಬೇಡ ಅಂದದ್ದು ಅವಳು. ದಾರಿಯಲ್ಲಿ ಸಮುದ್ರಕ್ಕೆ ಬಿದ್ದರೆ? ಪರಪುರುಷನನ್ನು ತಾನಾಗಿ ಮುಟ್ಟುವುದು ಹೇಗೆ? ಅದಕ್ಕಿಂತ ದೊಡ್ಡದು, ರಾಮ ತಾನೇ ಬಂದು ಗೆದ್ದು ಕರೆದುಕೊಂಡು ಹೋಗಬೇಕು. ನಿನ್ನ ಹದ್ದಿನವರೂ ಹಾಗೇ ಎಂತದೋ ಯೋಚನೆ ಮಾಡಿರಬಹುದು ಮಗಾ. ಬೆನ್ನ ಮೇಲೆ ಬಂದುಬಿಟ್ಟರೆ ಯುದ್ಧಕಾಂಡ ಬರೆಯುವುದು ಹೇಗೆ?"

ಆವತ್ತಿನಿಂದ ಮಾಸ್ಟ್ರ ಕುರ್ಚಿ ಇತ್ತ ಸರಿಯಿತು. ಡ್ರ್ಯಾಗನ್ ಸಾಕಿದ ರಾಣಿಯ ವೈಭವವನ್ನು ಹುಡುಗರು ವರ್ಣಿಸಿದರೆ ಅವರು ಉಳ್ಳಾಲದ ರಾಣಿಯನ್ನು ತರುತ್ತಾರೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಈ ಕಡೆ ಬಂದಾಗ ಪಲ್ಲಕ್ಕಿ, ಆನೆ, ಅಂಬಾರಿ ಏನೇನು ನಿರೀಕ್ಷಿಸಿದ್ದನೋ! ಅವನಿಗೆ ರಾಣಿ ಸಿಕ್ಕಿದ್ದು ದಾರಿಯಲ್ಲಿ. ಸಾದಾ ಬಿಳಿ ಹತ್ತಿಬಟ್ಟೆ ಸುತ್ತಿಕೊಂಡು, ಬರಿಗಾಲಲ್ಲಿ, ಎಲ್ಲೋ ಅಗೆಯುತ್ತಿದ್ದ ಕಾಲುವೆಯ ಕೆಲಸ ನೋಡಲು ಬಿರಬಿರನೆ ಹೊರಟಿದ್ದಳು. "ಡ್ರ್ಯಾಗನ್ ಯಾರು ಬೇಕಾದರೂ ಸಾಕಬಹುದು. ಕಾಮಗಾರಿ ನಿಂತು ಮಾಡಿಸಲಿ ನೋಡುವ," ಎಂಬ ಮಾಸ್ಟ್ರ ಮಾತಿಗೆ ಹೆದ್ದಾರಿ ನೆನಪಾಗಿ ಎಲ್ಲರೂ ತಲೆದೂಗಿದರು.

ಆದರೆ ನಿಜವಾದ ಕದನ ಹತ್ತಿದ್ದು ಕ್ಯಾಂಪರ್ ವಿಷಯಕ್ಕೆ. ಆಟದಲ್ಲಿ ಹುಲ್ಲಿನಲ್ಲೋ ಮರದ ಹಿಂದೆಯೋ ಅಲುಗಾಡದೆ ಕೂತು, ದಾರಿಯಲ್ಲಿ ಹೋಗುವವನಿಗೆ ಗುಂಡು ಹೊಡೆಯುವವನೇ ಕ್ಯಾಂಪರ್. ಇದಕ್ಕಿಂತ ದೊಡ್ಡ ಬೈಗುಳ ಹುಡುಗರಲ್ಲಿಲ್ಲ. "ಗಂಡಸಾದರೆ ಎದುರು ಬಾ" ಎಂದು ಒಬ್ಬ ಫೋನಿಗೆ ಕೂಗಿದ. ಮಾಸ್ಟ್ರ ಕಿವಿ ನೆಟ್ಟಗಾಯಿತು. ಅರೆ, ಇದು ವಾಲಿಯ ಮಾತಲ್ಲವೇ! ಕುಂಬಳೆಯ ಪಾರ್ತಿಸುಬ್ಬನ ವಾಲಿ ಸುಗ್ರೀವರ ಕಾಳಗ ತಾಳಮದ್ದಳೆಯಾದಾಗಲೆಲ್ಲ ಬಾಣ ತಾಗಿ ಬಿದ್ದ ವಾಲಿ ಕೇಳುವುದು ಇದನ್ನೇ. ನಿನಗೂ ನನಗೂ ಯಾವ ವೈರ? ನನ್ನ ಮಾಂಸ ತಿನ್ನುವವನೋ ನೀನು, ಚರ್ಮ ಹೊದೆಯುವವನೋ? ನನ್ನನ್ನೇ ಕೇಳಿದ್ದರೆ ಒಂದೇ ದಿನದಲ್ಲಿ ಸೀತೆಯನ್ನು ತಂದೊಪ್ಪಿಸುತ್ತಿರಲಿಲ್ಲವೆ?

ಹುಡುಗರು ಒಟ್ಟಾಗಿ ವಾಲಿಯ ಪಕ್ಷ ಸೇರಿದರು. ರಾಮ ಕ್ಯಾಂಪ್ ಮಾಡಿದ್ದು ಖಂಡಿತ, ಅಕೌಂಟ್ ರಿಪೋರ್ಟ್ ಆಗಬೇಕು. ಮಾಸ್ಟ್ರು ಸುಲಭಕ್ಕೆ ಬಿಡುವವರೇ? ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ರಾಜದಂಡನೆ ಅದು, ದ್ವಂದ್ವಯುದ್ಧ ಅಲ್ಲ ಎಂದರು. ಬೇಟೆಗೆ ಮರೆಯುಂಟು ಎಂದರು. ಯಾವುದೂ ನಾಟಲಿಲ್ಲ. ಕೊನೆಗೆ ಬತ್ತಳಿಕೆಯ ಕೊನೆಯ ಬಾಣ ತೆಗೆದರು. ಎದುರು ನಿಂತವನ ಅರ್ಧ ಬಲ ತನಗೇ ಬರುವ ಹಾಗೆ ವಾಲಿಗೆ ವರವಿತ್ತು ಎನ್ನುತ್ತಾರಲ್ಲ, ಅದಕ್ಕೇನಂತೀರಿ?

ಕಣ್ಣೂರಿನವನು ಕುರ್ಚಿಯಿಂದ ಎದ್ದೇಬಿಟ್ಟ. "ಹ್ಯಾಕರ್!"

ವಾದ ಅಲ್ಲಿಗೆ ಕವಲೊಡೆಯಿತು. ಹ್ಯಾಕರನನ್ನು ಕ್ಯಾಂಪರ್ ಹೊಡೆದರೆ ತಪ್ಪೇ? ಇಬ್ಬರು ರಾಮನ ಕಡೆ ಹೋದರು, ಒಬ್ಬ ವಾಲಿಯ ಜೊತೆಗೇ ಉಳಿದ. ಫಾರ್ಮಸಿಯವನು ಸುಗ್ರೀವನೇ ಇದರಲ್ಲಿ ದೊಡ್ಡ ನೂಬ್ ಎಂದು ಮೂರನೆಯ ಪಕ್ಷ ಕಟ್ಟಿದ. ಇಷ್ಟು ಚೆಂದದ ಅರ್ಥಗಾರಿಕೆ ಈಚೆಗೆ ಕೇಳಿರಲಿಲ್ಲವೆಂದು ಮಾಸ್ಟ್ರು ಎಲ್ಲರಿಗೂ ಬನ್ಸ್ ಕೊಡಿಸಿದರು.

ಆಟದ ಚರಿತ್ರೆಯನ್ನೂ ಅವರು ಕೇಳಿ ತಿಳಿದುಕೊಂಡರು. ಹುಡುಗರು ಕಾಲ ಎಣಿಸುವುದೇ ಬ್ಯಾನುಗಳಿಂದ. ಪಬ್‌ಜಿ ಹೋದದ್ದು 2020ರ ಸೆಪ್ಟೆಂಬರಿನಲ್ಲಿ. ಅದರ ದೇಶಿ ಅವತಾರವಾದ ಬಿಜಿಎಂಐ ಬಂದದ್ದು 2021ರ ಜುಲೈನಲ್ಲಿ. ಅದೂ 2022ರ ಜುಲೈನಲ್ಲಿ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾನೂನು ನಿಷೇಧಿಸಿತು, ಅದು ಮಾಸ್ಟ್ರಿಗೆ ಪೂರ್ಣ ಸಮ್ಮತ. ಆದರೆ ದೇಶಿ ಅವತಾರದಲ್ಲಿ ನೆತ್ತರನ್ನು ಹಸಿರು ಮಾಡಿದ್ದು, 'ಕೊಂದೆ' ಎನ್ನುವಲ್ಲಿ 'ಮುಗಿಸಿದೆ' ಎಂದು ಹಾಕಿದ್ದು, ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರೇ ಗಂಟೆ ಎಂದದ್ದು, ಇವೆಲ್ಲ ಅವರಿಗೆ ಬಲು ತಮಾಷೆ. ಅವರು ನಿಕ್ಕರು ಹಾಕುವ ಕಾಲದಲ್ಲಿ ಗದ್ದೆಯ ಬಯಲಾಟದಲ್ಲಿ ಚಾಪೆ ಹಾಸಿ ಕೂತು ಬೆಳಗಿನವರೆಗೆ ನೋಡಿದವರು. ದೊಂದಿಯ ಬೆಂಕಿ ಹಾರಿಸುತ್ತ ಸಭೆಯ ನಡುವಿನಿಂದ ನುಗ್ಗುವ ಮಹಿಷಾಸುರ ಹೆದರಿಸಿದ್ದು ಹಸಿರು ಬಣ್ಣದಲ್ಲಲ್ಲ. ಹಿರಣ್ಯಕಶಿಪುವಿನ ಕರುಳು ಬಗೆಯುವ ಹೊತ್ತಿಗೆ ಮಕ್ಕಳನ್ನು ಎಬ್ಬಿಸಿ ಕೂರಿಸುತ್ತಿದ್ದರೇ ಹೊರತು ಕಣ್ಣು ಮುಚ್ಚಿಸುತ್ತಿರಲಿಲ್ಲ.

ಆಟಿಯ ಒಂದು ಸಂಜೆ ಹೊರಗೆ ಮಳೆ ಹೊಯ್ಯುತ್ತಿತ್ತು. ಫಾರ್ಮಸಿಯವನಿಗೆ ಪರೀಕ್ಷೆ. ನಾಲ್ಕನೆಯ ಆಳಿಲ್ಲದೆ ಸ್ಕ್ವಾಡ್ ಆಗುವುದಿಲ್ಲ. ಹುಡುಗರು ಮಾಸ್ಟ್ರ ಕೈಗೊಂದು ಫೋನು ಕೊಟ್ಟು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿದರು. ವಿಮಾನದಿಂದ ಹಾರಿದ್ದು ಚೆನ್ನಾಗಿಯೇ ಆಯಿತು. ಕೋವಿ ಬೇಡವೆಂದು ಮಾಸ್ಟ್ರು ಬಾಣಲೆಯೊಂದನ್ನು ಎತ್ತಿಕೊಂಡು ಬೆನ್ನಿಗೆ ಸಿಕ್ಕಿಸಿದರು. ಗದ್ದೆಯ ನಡುವೆ ಗಂಭೀರವಾಗಿ ನಡೆದರು. ಎಡಗಡೆಯ ಮರದ ಹಿಂದಿನಿಂದ ಟಪ್ ಎಂದು ಗುಂಡು ಬಂತು. ಮಾಸ್ಟ್ರು ಮಂಡಿಯೂರಿದರು.

"ನಾಕ್ ಆದಿರಿ ಮಾಸ್ಟ್ರೇ! ತೆವಳಿಕೊಂಡು ಬನ್ನಿ, ರಿವೈವ್ ಮಾಡ್ತೇವೆ!"

ತೆವಳುವುದೇ? ಮಾಸ್ಟ್ರು ಗಂಟಲು ಸರಿ ಮಾಡಿಕೊಂಡರು. ಹೆಗಲ ಮೇಲಿನ ಟವೆಲನ್ನು ಶಾಲಿನ ಹಾಗೆ ಹಿಂದಕ್ಕೆಸೆದರು.

"ಎಲೈ ಮರೆಯಲ್ಲಿ ನಿಂತವನೇ! ನಿನ್ನ ಕುಲವೇನು, ಶೀಲವೇನು..."

"ಮಾಸ್ಟ್ರೇ, ಅವನಿಗೆ ಕೇಳುದಿಲ್ಲ! ನಮಗೆ ಮಾತ್ರ ಕೇಳುದು!"

"ಕೇಳದಿದ್ದರೆ ಬೇಡ ಮಾರಾಯ. ಸಭೆಗೆ ಕೇಳಿದರೆ ಸಾಕು."

ಸಭೆ ಕೇಳಿತು. ಅಡುಗೆಯವರು ಬಾಣಲೆಯ ಉರಿ ಸಣ್ಣ ಮಾಡಿ ಬಂದು ನಿಂತರು. ಗಲ್ಲೆಯಲ್ಲಿದ್ದ ಯಜಮಾನರು ಬೆರಳಲ್ಲೇ ತಾಳ ಹಾಕಿದರು. ಕಣ್ಣೂರಿನವನು ಕೋವಿಯ ಮೇಲಿನ ಬೆರಳು ತೆಗೆದು ಗಲ್ಲಕ್ಕೆ ಕೈ ಕೊಟ್ಟು ಕೂತ. ಅತ್ತ ನೀಲಿ ಗೆರೆ ಸದ್ದಿಲ್ಲದೆ ಬಂದು, ಗದ್ದೆ ದಾಟಿ, ಸ್ಕ್ವಾಡಿನ ನಾಲ್ವರನ್ನೂ ಒಬ್ಬೊಬ್ಬರಾಗಿ ಮುಗಿಸಿತು. ವಾಲಿಯ ಪೀಠಿಕೆ ಇನ್ನೂ ಅರ್ಧಕ್ಕೆ ಬಂದಿತ್ತಷ್ಟೆ.