ಮೂಗಿರುವ ತನಕ

ತಲೆಯ ಮೇಲೆ ದಪ್ಪ ಟವೆಲ್ ಹೊದ್ದು, ಕುದಿದ ನೀರಿನ ಪಾತ್ರೆಯ ಮೇಲೆ ಬಗ್ಗಿ ಕೂತವನ ಮುಂದೆ ಮನೆಯವರು ಏನು ಬೇಕಾದರೂ ಮಾತಾಡಿಕೊಳ್ಳಬಹುದು. ಅವನು ಎದ್ದು ಬಂದು ಜಗಳ ಆಡಲಾರ. ನಾನು ಹಾಗೆ ಕೂತಿದ್ದಾಗಲೇ ಈ ಸಲದ ಯುಗಾದಿಗೆ ನನಗೆ ಹೊಸ ಬಟ್ಟೆ ಬೇಡವೆಂದು ತೀರ್ಮಾನವಾದದ್ದು ಕಿವಿಗೆ ಬಿತ್ತು. ಆ ಸಂಕಟಕ್ಕೋ ಏನೋ, ನೀಲಗಿರಿ ಎಣ್ಣೆಯನ್ನು ಕೊಂಚ ಧಾರಾಳವಾಗಿಯೇ ಬಿಟ್ಟುಕೊಂಡೆ. ಮೂಗು ಬಿಡಲಿಲ್ಲ, ಕಣ್ಣು ಬಿಟ್ಟುಕೊಂಡಿತು. ಅಷ್ಟರಲ್ಲಿ ಬಾಗಿಲ ಗಂಟೆ. ಪೇಪರ್ ಬಿಲ್ಲಿಗೆ ಬಂದ ಹುಡುಗ ನನ್ನ ಕೆಂಡದಂಥ ಕಣ್ಣು, ಸುರಿಯುವ ಮೂಗು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. "ಪರವಾಗಿಲ್ಲ ಸಾರ್, ಮುಂದಿನ ತಿಂಗಳು ಒಟ್ಟಿಗೆ ಕೊಡಿ" ಎಂದು ತಗ್ಗಿದ ದನಿಯಲ್ಲಿ ಹೇಳಿ ಮೆಟ್ಟಿಲಿಳಿದ. ಯಾರು ತೀರಿಕೊಂಡರೆಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಮೂಗಿರುವ ತನಕ ನೆಗಡಿ ತಪ್ಪದು ಎಂದ ಹಿರಿಯರು ಇಂದಿನ ಬೆಂಗಳೂರನ್ನು ನೋಡಿರಲಿಲ್ಲ. ಅಗೆದು ಬಿಟ್ಟ ರಸ್ತೆಯ ಧೂಳು, ಖಾಲಿ ಸೈಟಿನಲ್ಲಿ ಹೂಬಿಟ್ಟ ಪಾರ್ಥೇನಿಯಂ, ಬೆಳಗಿನ ಚಳಿ, ಎಲ್ಲ ಸೇರಿ ಇಲ್ಲಿ ಮೂಗು ಎಂಬುದು ವರ್ಷವಿಡೀ ದುಡಿಯುವ ಅಂಗ. ಮತ್ತು ಮೂಗು ಕಟ್ಟಿದವನಿಗೆ ಊರೆಲ್ಲ ವೈದ್ಯರೇ. ಹುಬ್ಬಳ್ಳಿ ಕಡೆಯ ನಮ್ಮ ಕೆಳಮನೆಯವರು ಓಂಕಾಳನ್ನು ಬಟ್ಟೆಯಲ್ಲಿ ಕಟ್ಟಿ, ಹಂಚಿನ ಮೇಲೆ ಬಿಸಿ ಮಾಡಿ ಮೂಸಲು ಕೊಟ್ಟರು. ತೀರ್ಥಹಳ್ಳಿಯ ಚಿಕ್ಕಮ್ಮ ಕಾಳುಮೆಣಸಿನ ಕಷಾಯವನ್ನು ಫೋನಿನಲ್ಲೇ ಕುದಿಸಿದಳು. ಆಫೀಸಿನವರೊಬ್ಬರು ಮೆಡಿಕಲ್ ಶಾಪಿನ ಮೂರು ಮಾತ್ರೆಯ ಪಟ್ಟಿಯ ಹೆಸರು ಹೇಳಿ, "ಹಸಿರು ಬರ್ತಿದ್ಯಾ? ಹಂಗಾದ್ರೆ ಆಂಟಿಬಯೋಟಿಕ್ಕೇ" ಎಂದರು. ನನ್ನ ಕರವಸ್ತ್ರದ ಬಗ್ಗೆ ಇಷ್ಟು ಆಸಕ್ತಿ ತೋರಿದವರು ಅವರೊಬ್ಬರೇ.

ತಮಾಷೆಯೆಂದರೆ ಇವರೆಲ್ಲರ ಮದ್ದೂ ಫಲಿಸುತ್ತದೆ. ಸೈನಸ್ ಸೋಂಕಿನಲ್ಲಿ ಬಹುಪಾಲು ನೆಗಡಿಯ ವೈರಸ್ಸಿನದೇ. ವಾರ, ಹತ್ತು ದಿನದಲ್ಲಿ ಅದು ತಾನಾಗಿ ಇಳಿಯುತ್ತದೆ, ಆ ವಾರ ಯಾರ ಕಷಾಯ ಕುಡಿದಿರೋ ಅವರಿಗೆ ಕೀರ್ತಿ. ಹಬೆಯಿಂದ ಮೂಗು ಹಗುರಾಗುವುದು ನಿಜ, ಸೋಂಕು ಹೋಗುವುದಿಲ್ಲ. ಮಕ್ಕಳನ್ನಂತೂ ಆ ಪಾತ್ರೆಯ ಹತ್ತಿರ ಬಿಡಬಾರದು, ಸುಟ್ಟುಕೊಳ್ಳುತ್ತಾರೆ. ಇನ್ನು ಹಸಿರು ಬಣ್ಣ ನಮ್ಮದೇ ಬಿಳಿರಕ್ತಕಣಗಳು ಬಿಟ್ಟುಹೋದ ಗುರುತು. ವೈರಸ್ ಬಂದರೂ ಹಸಿರೇ, ಬ್ಯಾಕ್ಟೀರಿಯಾ ಬಂದರೂ ಹಸಿರೇ. ಆಂಟಿಬಯೋಟಿಕ್ ಪಟ್ಟಿಯ ಮೇಲೆ ಎಳೆದ ಕೆಂಪು ಗೆರೆ ಅಲಂಕಾರಕ್ಕಲ್ಲ, ಡಾಕ್ಟರ ಚೀಟಿ ಬೇಕೆಂದು. ನಮ್ಮಲ್ಲಿ ಅದನ್ನು ಸೀರೆಯ ಅಂಚಿನಂತೆ ಮೆಚ್ಚಿ ಮುಂದೆ ಹೋಗುತ್ತಾರೆ.

ದೇಹ ಕಟ್ಟಿದವನ ಮೇಲೆ ನನ್ನದೊಂದು ತಕರಾರಿದೆ. ಮುಖದ ಎಲುಬಿನೊಳಗೆ ಗಾಳಿ ತುಂಬಿದ ಕೋಣೆಗಳು, ಅಂದರೆ ಈ ಸೈನಸ್ಸುಗಳು, ನಾಲ್ಕು ಜೋಡಿ: ಹಣೆಯಲ್ಲಿ, ಕಣ್ಣುಗಳ ನಡುವೆ, ಅದರ ಹಿಂದೆ ಆಳದಲ್ಲಿ, ಮತ್ತು ಕೆನ್ನೆಯಲ್ಲಿ. ಕೆನ್ನೆಯದೇ ಎಲ್ಲಕ್ಕಿಂತ ದೊಡ್ಡದು, ಅದರ ಕಿಂಡಿ ಇರುವುದು ಮಾತ್ರ ಮೇಲ್ಗಡೆ! ನೀರು ಹೋಗುವ ತೂತನ್ನು ಸೂರಿನ ಹತ್ತಿರ ಇಟ್ಟ ಬಚ್ಚಲನ್ನು ಯಾವ ಗಾರೆಯವನೂ ಕಟ್ಟಲಾರ. ಕಣ್ಣಿಗೆ ಕಾಣದ ಸಣ್ಣ ರೋಮಗಳು ಸಿಂಬಳವನ್ನು ಗುರುತ್ವಕ್ಕೆ ವಿರುದ್ಧವಾಗಿ ಮೇಲಕ್ಕೆ ದೂಡುತ್ತಾ ಇರಬೇಕು. ನೆಗಡಿಯಾಗಿ ಒಳಪೊರೆ ಊದಿ ಕಿಂಡಿ ಮುಚ್ಚಿತೋ, ಬಗ್ಗಿ ಚಪ್ಪಲಿ ಹಾಕುವಾಗ ಮುಖವೇ ಕಳಚಿ ಬಿದ್ದಂತಾಗುತ್ತದೆ. 1651ರಲ್ಲಿ ಈ ಕೆನ್ನೆಕೋಣೆಯನ್ನು ವಿವರಿಸಿ ಬರೆದ ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಊರಿಗೆ ಕೆರೆಗೆ ಹೆಸರು ಕೊಟ್ಟವರುಂಟು, ಜಗತ್ತಿನವರೆಲ್ಲರ ಸಿಂಬಳದ ಉಗ್ರಾಣಕ್ಕೆ ಹೆಸರು ಕೊಟ್ಟ ಪುಣ್ಯಾತ್ಮ ಇವರೊಬ್ಬರು.

ನಮ್ಮ ಬೀದಿಯ ಡಾಕ್ಟ್ರು ಬಣ್ಣದ ಸುದ್ದಿಯನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಶುರುವಾಗಿ ಎಷ್ಟು ದಿನ ಆಯ್ತು ಸಾರ್? ಮಧ್ಯೆ ವಾಸಿಯಾದಂಗೆ ಆಗಿ ಮತ್ತೆ ಜೋರಾಯ್ತಾ?" ಇಷ್ಟೇ ಕೇಳಿದ್ದು. ಹತ್ತು ದಿನ ದಾಟಿದರೂ ಇಳಿಯದಿದ್ದರೆ, ಇಳಿದದ್ದು ಮತ್ತೆ ಏರಿದರೆ, ಅಥವಾ ಮೊದಲಿನಿಂದಲೂ ಮೂರ್ನಾಲ್ಕು ದಿನ 102 ಡಿಗ್ರಿ ಜ್ವರ, ಕೀವು, ಮುಖನೋವು ಒಟ್ಟಿಗೆ ಕಾಡಿದರೆ ಆಗ ಬ್ಯಾಕ್ಟೀರಿಯಾ ಎಂದು ಗುಮಾನಿ, ಆಗ ಆಂಟಿಬಯೋಟಿಕ್ಕಿನ ಮಾತು. ಅಲ್ಲಿಯವರೆಗೆ ಉಪ್ಪುನೀರಲ್ಲಿ ಮೂಗು ತೊಳೆಯುವುದು, ನೋವಿಗೆ ಪ್ಯಾರಸಿಟಮಾಲ್, ನಿದ್ದೆ. ಇಷ್ಟಕ್ಕೆ ಫೀಸು ಕೊಡಲು ನಮ್ಮವರಿಗೆ ಮನಸ್ಸು ಬರುವುದಿಲ್ಲ.

ಮೂಗು ತೊಳೆಯುವ ಜಲನೇತಿಗೆ ಒಂದೇ ಕಟ್ಟಳೆ: ನೀರು ಕುದಿಸಿ ಆರಿಸಿರಬೇಕು. ಅಮೆರಿಕದ ಲೂಸಿಯಾನಾದಲ್ಲಿ 2011ರಲ್ಲಿ ನಲ್ಲಿ ನೀರಿನಿಂದ ಹೀಗೆ ತೊಳೆದ ಇಬ್ಬರು ಮಿದುಳಿಗೆ ಅಮೀಬಾ ಹೊಕ್ಕು ತೀರಿಕೊಂಡರು. ತೀರಾ ಅಪರೂಪ, ಆದರೂ ಗ್ಯಾಸು ಅಷ್ಟೊಂದು ದುಬಾರಿಯಲ್ಲ. ಮೂಗಿಗೆ ಬಿಡುವ ಹನಿಮದ್ದಿನದು ಬೇರೆ ಕಥೆ. ಕಟ್ಟಿದ ಮೂಗು ನಿಮಿಷದಲ್ಲಿ ತೆರೆಯುತ್ತದೆ ಎಂಬುದೇ ಅದರ ಅಪಾಯ. ಮೂರು ದಿನ, ಬಹಳವೆಂದರೆ ಐದು ದಿನ ಮೀರಿದರೆ ಆ ಹನಿಯೇ ಮೂಗನ್ನು ಕಟ್ಟಿಸುತ್ತದೆ. ನನ್ನ ಗೆಳೆಯನೊಬ್ಬನ ಜೇಬಿನಲ್ಲಿ ಪೆನ್ನಿನ ಜಾಗವನ್ನು ಆ ಸೀಸೆ ವರ್ಷಗಳಿಂದ ಆಕ್ರಮಿಸಿಕೊಂಡಿದೆ. ರುಜು ಹಾಕಬೇಕಾದಾಗ ಅವನು ಮೊದಲು ಹೊರತೆಗೆಯುವುದು ಅದನ್ನೇ.

ಸೈನಸ್ ಅಂದುಕೊಂಡದ್ದೆಲ್ಲ ಸೈನಸ್ಸೂ ಅಲ್ಲ. ನನ್ನ ತಂಗಿಯ 'ಸೈನಸ್ ತಲೆನೋವು' ಬಂದಾಗ ಬೆಳಕು ಆಗದು, ಕುಕ್ಕರ್ ಕೂಗಿದರೂ ಆಗದು, ವಾಂತಿ ಬೇರೆ. ಅದು ಮೈಗ್ರೇನ್. ಇಂಥ ತಲೆನೋವಿನವರಲ್ಲಿ ಬಹಳಷ್ಟು ಜನರ ಕಥೆ ಇದೇ. ಇನ್ನು ನಮ್ಮ ದೊಡ್ಡಮಾವನಿಗೆ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಕೀವು. ಎಲ್ಲ ಮದ್ದೂ ಸೋತ ಮೇಲೆ ಗುಣ ಮಾಡಿದವರು ದಂತವೈದ್ಯರು! ಮೇಲ್ದವಡೆಯ ಹಲ್ಲಿನ ಬೇರು ಕೆನ್ನೆಕೋಣೆಯ ನೆಲಕ್ಕೇ ತಾಗಿಕೊಂಡಿರುತ್ತದಂತೆ. ಒಂದೇ ಕಡೆ ಸುರಿಯುವುದು, ರಕ್ತ ಬರುವುದು, ಇವನ್ನು ತಜ್ಞರಿಗೆ ತೋರಿಸದೆ ಬಿಡಬಾರದೆಂದು ಮಾವ ಈಗ ಮದುವೆಮನೆಗಳಲ್ಲೂ ಬೋಧಿಸುತ್ತಾರೆ, ಅದೂ ಊಟದ ಪಂಕ್ತಿಯಲ್ಲಿ.

ನಗಬಾರದ ಮಾತೂ ಒಂದಿದೆ. ಕಣ್ಣಿನ ಸುತ್ತ ಊತ, ಒಂದು ಎರಡಾಗಿ ಕಾಣುವುದು, ಹಣೆ ಉಬ್ಬುವುದು, ಕತ್ತು ಬಗ್ಗಿಸಲಾಗದ ತಲೆನೋವು, ಮಾತಿನಲ್ಲಿ ಗೊಂದಲ — ಇವು ಕಂಡರೆ ಕಷಾಯವಿಲ್ಲ, ಬೆಳಗಾಗುವ ತನಕ ಕಾಯುವುದೂ ಇಲ್ಲ, ಆ ರಾತ್ರಿಯೇ ಆಸ್ಪತ್ರೆ. ಸೈನಸ್ಸಿಗೂ ಕಣ್ಣಿಗೂ ನಡುವೆ ಇರುವುದು ತೀರಾ ತೆಳು ಎಲುಬು. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ಹೀಗೆ ಸೈನಸ್ಸಿನಿಂದಲೇ ಹತ್ತಿ ಎಷ್ಟೋ ಮಂದಿಯ ಕಣ್ಣನ್ನೂ ಜೀವವನ್ನೂ ತೆಗೆಯಿತು, ಹೆಚ್ಚಾಗಿ ಸಕ್ಕರೆ ಕಾಯಿಲೆಯವರದು.

ನನ್ನದು ಅಷ್ಟು ಘನವಾದದ್ದಲ್ಲ, ಬರೀ ಹಠಮಾರಿ. ಹನ್ನೆರಡು ವಾರ ಮೀರಿದರೆ, ಇಲ್ಲವೇ ವರ್ಷಕ್ಕೆ ನಾಲ್ಕು ಬಾರಿ ಮರುಕಳಿಸಿದರೆ ಕಿವಿ-ಮೂಗು-ಗಂಟಲಿನವರನ್ನು ಕಾಣಬೇಕೆಂಬ ಲೆಕ್ಕದಲ್ಲಿ ಹೋದೆ. ಆಕೆ ತುದಿಯಲ್ಲಿ ದೀಪವಿದ್ದ ಸಣ್ಣ ನಳಿಗೆ ತೂರಿಸಿ ನನ್ನ ನಾಸಿಕದ ಗರ್ಭಗುಡಿಯನ್ನು ಟಿವಿಯಲ್ಲಿ ತೋರಿಸಿದರು. ಅರವತ್ತು ವರ್ಷ ಮುಖದ ಮಧ್ಯೆ ಹೊತ್ತು ತಿರುಗಿದರೂ ಒಳಗೆ ಗೋಡೆ ಸೊಟ್ಟಗಿರುವುದು ಗೊತ್ತಿರಲಿಲ್ಲ. ಶಸ್ತ್ರಚಿಕಿತ್ಸೆ ಸದ್ಯಕ್ಕೆ ಬೇಡ, ಸ್ಟೀರಾಯ್ಡ್ ಸ್ಪ್ರೇ ಸಾಕು ಎಂದರು. ಅದಕ್ಕೂ ವಿಧಿಯಿದೆ: ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ನಡುಗೋಡೆಗೆ ತಾಗಿಸದೆ ಹೊರಮುಖವಾಗಿ. ಕನ್ನಡಿಯ ಮುಂದೆ ಅಭ್ಯಾಸ ಮಾಡುವಾಗ ಭರತನಾಟ್ಯ ಕಲಿಯುವ ಮೊಮ್ಮಗಳು ನನ್ನ ಹಸ್ತ ತಿದ್ದಿದಳು.

ಸುದ್ದಿ ತೀರ್ಥಹಳ್ಳಿಗೆ ಮುಟ್ಟಿತು. ಚಿಕ್ಕಮ್ಮನಿಗೆ ನಳಿಗೆ, ಸ್ಪ್ರೇ ಯಾವುದೂ ಬೇಕಿರಲಿಲ್ಲ. "ಮೊಸರು ತಿನ್ನಬಹುದಂತಾ?" ಎಂದು ಕೇಳಿದಳು. ತಿನ್ನಿ, ಏನೂ ಆಗಲ್ಲ ಅಂದಿದ್ದಾರೆ ಎಂದೆ.

"ಆ ಡಾಕ್ಟ್ರು ಸಮ ಇಲ್ಲ ಮಾರಾಯ, ಬೇರೆಯವ್ರಿಗೆ ತೋರ್ಸು" ಎಂದು ಫೋನಿಟ್ಟಳು.