ವಕ್ತೃಕುಲಮೀಮಾಂಸೆ

ಶಬ್ದವು ಆಕಾಶದ ಗುಣವೆಂದು ಸಾರಿದ ತಾರ್ಕಿಕರು ತುಮಕೂರಿನ ಸಭೆಗಳಲ್ಲಿ ಒಂದು ಸಂಜೆಯಾದರೂ ಕುಳಿತಿದ್ದರೆ, ಅದು ವಕ್ತೃವಿನ ಕುಲದ ಗುಣವೆಂದು ತಮ್ಮ ಸೂತ್ರವನ್ನು ತಿದ್ದಿಕೊಳ್ಳದೆ ಇರುತ್ತಿರಲಿಲ್ಲ. ಏಕೆಂದರೆ 'ಈ ನಾಡಿನಲ್ಲಿ ಮನುಷ್ಯರು ಸಮಾನರಾಗಿಲ್ಲ' ಎಂಬ ಒಂದೇ ವಾಕ್ಯವು ಉಚ್ಚಕುಲಸಂಜಾತನ ಬಾಯಿಂದ ಹೊರಟರೆ ಔದಾರ್ಯವೆಂದೂ, ಕೇರಿಯಿಂದ ಬಂದವನ ಬಾಯಿಂದ ಹೊರಟರೆ ಅಸೂಯೆಯೆಂದೂ ಶ್ರೋತೃಗಳ ಕಿವಿಯೊಳಗೆ ಪರಿಣಮಿಸುವುದು; ಅನುಭವಿಸಿದವನಿಗೆ ಪಕ್ಷಪಾತವೂ ಅನುಭವಿಸದವನಿಗೆ ಪ್ರಾಮಾಣ್ಯವೂ ಸಿದ್ಧಿಸುವ ಈ ನ್ಯಾಯವು ನ್ಯಾಯಸೂತ್ರಕಾರನಾದ ಅಕ್ಷಪಾದನಿಗೂ ಹೊಳೆದಿರಲಿಲ್ಲ. 'ಆತ ಯಾವ ಜನ?' ಎಂದು ಪಕ್ಕದವನ ಕಿವಿಯಲ್ಲಿ ಕೇಳುವುದೇ ಇಲ್ಲಿ ಪ್ರಥಮ ಪ್ರಮಾಣ.

ದೃಷ್ಟಾಂತವು ಕುಣಿಗಲಿನಲ್ಲಿ ದೊರೆಯುವುದು. ಟಿಪ್ಪುವಿನ ಕಾಲದಿಂದ ಹೆಸರಾದ ಅಲ್ಲಿಯ ಕುದುರೆಫಾರಂನಲ್ಲಿ ಮರಿಯ ತಾಯಿತಂದೆಗಳ ವಂಶಾವಳಿಯನ್ನು ವಿಚಾರಿಸುವುದು ಯುಕ್ತವೇ ಸರಿ. ಆದರೂ ಆ ಅಶ್ವಶಾಸ್ತ್ರಜ್ಞರು ಕುದುರೆಯನ್ನು ಓಡಿಸಿ ನೋಡುವ ಹಳೆಯ ದೌರ್ಬಲ್ಯವನ್ನು ಬಿಟ್ಟಿಲ್ಲ. ನಮ್ಮ ಸಭಿಕರು ವಾದವು ಲಾಯದಿಂದ ಹೊರಡುವ ಮೊದಲೇ ಬಹುಮಾನ ಹಂಚಿ ಮುಗಿಸುವರು.

1884ರಲ್ಲಿ ನಾಟಕ ಕಂಪನಿಯೊಂದನ್ನು ಹೆತ್ತು ನಾಡಿಗೇ ಅಳುವುದನ್ನೂ ನಗುವುದನ್ನೂ ಕಲಿಸಿದ ಗುಬ್ಬಿಯನ್ನು ಮರೆತು ಈ ಶಾಸ್ತ್ರವನ್ನು ಬರೆಯಲಾಗದು. ಹರಿಶ್ಚಂದ್ರನ ಕಥೆ ರಂಗವೇರಿದಾಗ, ಚಕ್ರವರ್ತಿಯು ಸ್ಮಶಾನ ಕಾಯುವಂತಾಯಿತಲ್ಲಾ ಎಂದು ಪ್ರೇಕ್ಷಕಸ್ತೋಮವು ಕಣ್ಣೀರುಗರೆಯುವುದು. ತಲೆತಲಾಂತರದಿಂದ ಅದೇ ಸ್ಮಶಾನದಲ್ಲಿದ್ದ ವೀರಬಾಹುವಿಗಾಗಿ ಅತ್ತವರನ್ನು ಈ ಲೇಖಕನಂತೂ ಕಾಣನು. ಕೆಳಗಿಳಿದು ಬಂದ ದುಃಖವೇ ದುಃಖ, ಕೆಳಗೇ ಹುಟ್ಟಿದ್ದು ಸಂಪ್ರದಾಯ.

ಪೂರ್ವಪಕ್ಷಿಗಳು ಇದು ಬರಿಯ ಕಲ್ಪನೆಯೆಂದರೆ ಅವರನ್ನು 1973ರ ಮೈಸೂರಿಗೆ ಕರೆದೊಯ್ಯಬೇಕು. ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುದೇ ತಡ, ಬೀದಿಗಳಲ್ಲಿ ಗಲಭೆಯೆದ್ದು ಅವರು ಮಂತ್ರಿಪದವಿಯನ್ನೇ ತ್ಯಜಿಸಬೇಕಾಯಿತು. ಅದಕ್ಕೆ ಮುಂಚೆಯೇ ನವ್ಯರು ಹಿಂದಿನವರ ಬರೆಹವನ್ನು ನಿರ್ದಾಕ್ಷಿಣ್ಯವಾಗಿ ಜರೆದಿದ್ದರಷ್ಟೆ; ಅದಕ್ಕೆ ವಿಮರ್ಶೆಯೆಂದು ಹೆಸರಾಗಿ ಪಠ್ಯಗಳಲ್ಲಿಯೂ ಸ್ಥಾನ ದೊರೆಯಿತು. ಬೂಸಾ ಎಂದವರು ದಲಿತರಾಗಿದ್ದರು. ಸಾಹಿತ್ಯವು ಗಾಯಗೊಳ್ಳಲು ಅಷ್ಟು ಸಾಕಾಯಿತು. ಅದೇ ಗಲಭೆಯ ಹಿಂದೆಯೇ ದಲಿತ ಚಳವಳಿಯು ಕರ್ನಾಟಕದಲ್ಲಿ ಬಲಗೊಂಡುದು ನಮ್ಮ ಶಾಸ್ತ್ರಕ್ಕೆ ಮುಜುಗರದ ಸಂಗತಿಯಾದುದರಿಂದ ಅದನ್ನಿಲ್ಲಿ ವಿಸ್ತರಿಸುವುದಿಲ್ಲ.

ತುಮಕೂರು, ಗುಬ್ಬಿ, ಕುಣಿಗಲುಗಳ ಸಭಾಸಂಚಾಲಕರಲ್ಲಿ ಒಂದು ವಿಜ್ಞಾಪನೆ: ಮುಂದಿನ ಸಮಾನತಾ ಸಮಾರಂಭದಲ್ಲಿ ಪರದೆಯ ಹಿಂದಿನಿಂದ ಭಾಷಣ ಮಾಡಿಸಿ, ಚಪ್ಪಾಳೆ ಮುಗಿದ ತರುವಾಯ ವಕ್ತೃವಿನ ಹೆಸರನ್ನು ಪ್ರಕಟಿಸಿರಿ. ಅದರಿಂದ ಈ ಶಾಸ್ತ್ರಕ್ಕೆ ಒದಗುವ ಹಾನಿಯನ್ನು ಲೇಖಕನು ಸಂತೋಷದಿಂದ ಸಹಿಸಿಕೊಳ್ಳುವನು.