ತಲುಪದ ಓಲೆಗಳ ಮೀಮಾಂಸೆ: ಪುಣೆಯ ವಾರದ ಪೇಟೆಗಳನ್ನು ಕುರಿತ ಒಂದು ಶಾಸ್ತ್ರೀಯ ವಿಚಾರ

ಓಲೆಗಳು ಎರಡು ಬಗೆ: ತಲುಪುವವು, ತಲುಪದವು. ತಲುಪುವ ಓಲೆಗಳ ವಿಷಯದಲ್ಲಿ ಶಾಸ್ತ್ರಕ್ಕೆ ಹೇಳುವುದೇನೂ ಇಲ್ಲ. ಪೋಸ್ಟ್‌ಮ್ಯಾನ್ ಬಂದು ದಿವಾಳಿ ಪೋಸ್ತು ಎಂಬ ಹಬ್ಬದ ಇನಾಮು ಕೇಳಿ, ಮನೆಯವರು ಚಿಲ್ಲರೆ ಹುಡುಕುವಲ್ಲಿಗೆ ಅವುಗಳ ಅಧ್ಯಾಯ ಮುಗಿಯಿತು. ತಲುಪದವುಗಳೇ ವಿಚಾರಾರ್ಹ.

ಇವುಗಳ ಅಂತ್ಯಸಂಸ್ಕಾರಕ್ಕೆ ನಮ್ಮಲ್ಲಿ ವಿಧಿ ಇದೆ. 1898ರ ಅಂಚೆ ಕಾಯ್ದೆಯನ್ನು ಓದಿದರೆ ಅದೊಂದು ಗೃಹ್ಯಸೂತ್ರವೆಂದೇ ತೋರುತ್ತದೆ. ಪಡೆಯುವವನು ಸಿಗಲಿಲ್ಲ, ಕಳಿಸಿದವನೂ ಯಾರೆಂದು ಗೊತ್ತಿಲ್ಲ ಎಂದಾದರೆ, ಗುಟ್ಟು ಬಿಡೆನೆಂದು ಕಟ್ಟುಬಿದ್ದ ಅಧಿಕಾರಿಯೊಬ್ಬ ಲಕೋಟೆ ಒಡೆದು ನೋಡಬೇಕು. ಒಳಗೂ ಊರುಕೇರಿಯ ಸುಳಿವಿಲ್ಲದಿದ್ದರೆ ಕಾಗದವನ್ನು ನಾಶ ಮಾಡಬೇಕು. ಹಣವೋ ಮಾರಬಹುದಾದ ವಸ್ತುವೋ ಇದ್ದರೆ ಒಂದು ವರ್ಷ ಕಾದು, ಆಮೇಲೆ ಅಂಚೆ ಇಲಾಖೆಯ ಲೆಕ್ಕಕ್ಕೆ ಜಮಾ. ವರ್ಷಾಬ್ದಿಕ ಕಳೆಯುವವರೆಗೆ ಆಸ್ತಿ ಹಂಚಬಾರದೆಂಬ ಹಿರಿಯರ ಮಾತನ್ನು ಬ್ರಿಟಿಷರು ಎಲ್ಲಿ ಕೇಳಿದರೋ ತಿಳಿಯದು. ಆ ಕಾಯ್ದೆ ತಾನೇ 2024ರ ಜೂನ್ 18ರಂದು ಕಾಲವಾಗಿ, 2023ರ ಹೊಸ ಕಾಯ್ದೆ ಪಟ್ಟಕ್ಕೆ ಬಂದಿತು.

ಈಗ ಪುಣೆಗೆ ಬರೋಣ. ಆ ಊರಿನಲ್ಲಿ ವಾರದ ಏಳೂ ದಿನಗಳ ಹೆಸರಿನ ಪೇಟೆಗಳಿವೆ. ರವಿವಾರದಿಂದ ಶನಿವಾರದವರೆಗೆ ಒಂದೂ ಬಿಟ್ಟುಹೋಗಿಲ್ಲ. ಪುಣೆಯಲ್ಲಿ ಕಾಲ ಹರಿಯುವುದಿಲ್ಲ, ಅಲ್ಲಲ್ಲೇ ಮನೆ ಕಟ್ಟಿಕೊಂಡು ಕೂತಿದೆ. ಮಂಗಳವಾರದಿಂದ ಬುಧವಾರಕ್ಕೆ ಹೋಗಲು ಅಲ್ಲಿ ರಾತ್ರಿ ಕಳೆಯಬೇಕಿಲ್ಲ, ರಿಕ್ಷಾ ಹಿಡಿದರೆ ಸಾಕು. ಕಾಲ ಮತ್ತು ದೇಶ ಬೇರೆಬೇರೆ ಎಂದು ವಾದಿಸುವ ವೈಶೇಷಿಕರು ಒಮ್ಮೆ ಲಕ್ಷ್ಮೀ ರಸ್ತೆಯ ಸಿಟಿ ಪೋಸ್ಟ್‌ವರೆಗೆ ನಡೆದುಬಂದರೆ ಒಳ್ಳೆಯದು.

ತೊಡಕೇನೆಂದರೆ, ವಾರಗಳು ಪುಣೆಯೊಂದರ ಸ್ವತ್ತಲ್ಲ. ಕೊಡಗಿನಲ್ಲಿ ಸೋಮವಾರಪೇಟೆ ಇದೆ, ಅದರ ನೆರೆಯಲ್ಲೇ ಶನಿವಾರಸಂತೆ. ಧಾರವಾಡದಲ್ಲಿ ಶುಕ್ರವಾರಪೇಟೆ, ಮಂಗಳವಾರಪೇಟೆ. ಆದ್ದರಿಂದ ಪುಣೆಯ ಸೋಮವಾರ ಪೇಟೆಯಲ್ಲಿರುವ ತಂಗಿಗೆ ಅಣ್ಣ ಊರಿನ ಹೆಸರು ಮರೆತು ಕನ್ನಡದಲ್ಲಿ ಬರೆದ ಕಾಗದ, ಕೊಡಗಿನ ಮಳೆಯಲ್ಲಿ ನೆನೆಯುತ್ತ ಕಾಫಿ ತೋಟ ಸುತ್ತುವ ಯೋಗ ತರ್ಕಕ್ಕೆ ವಿರುದ್ಧವಲ್ಲ.

ಇಂಥ ಗೊಂದಲ ನಿವಾರಣೆಗೆಂದೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಅವತರಿಸಿತು. ಅದರ ಕರ್ತೃ ಶ್ರೀರಾಮ ಭಿಕಾಜಿ ವೆಲಣಕರ್. ಇವರು ಅಂಚೆ-ತಂತಿ ಮಂಡಳಿಯ ಹಿರಿಯ ಅಧಿಕಾರಿ ಮಾತ್ರವಲ್ಲ, ಸಂಸ್ಕೃತದಲ್ಲಿ ಕಾವ್ಯ ನಾಟಕಗಳನ್ನು ಬರೆದವರು. ಹೀಗಾಗಿ ಪಿನ್ ಕೋಡನ್ನು ಆರು ಅಕ್ಷರದ ಗಾಯತ್ರೀ ಛಂದಸ್ಸೆಂದು ಕರೆಯಲು ಪ್ರಬಂಧಕಾರನಿಗೆ ಆಸೆಯಿದೆ. ವೇದದ ಗಾಯತ್ರಿಯ ಪಾದಕ್ಕೆ ಎಂಟಕ್ಷರ ಬೇಕಾದ್ದರಿಂದ ಆಸೆಯನ್ನು ಕೈಬಿಡಲಾಗಿದೆ. ಮೊದಲಂಕಿ ವಲಯ, ಮೊದಲ ಮೂರು ಸೇರಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಬಟವಾಡೆ ಮಾಡುವ ಕಚೇರಿ. ಪುಣೆ 411 ಆದರೆ ಕೊಡಗಿನ ಸೋಮವಾರಪೇಟೆ 571236. ಇಲ್ಲಿಗೆ ತಂಗಿಯ ಕಾಗದದ ಸಮಸ್ಯೆ ಬಗೆಹರಿಯಿತು, ಅಣ್ಣ ಪಿನ್ ಬರೆದಿದ್ದರೆ.

ಇಲ್ಲಿ ಪೂರ್ವಪಕ್ಷಿಯಾಗಿ ಯಂತ್ರ ಎದ್ದು ನಿಲ್ಲುತ್ತದೆ. ಪತ್ರ ವಿಂಗಡಿಸುವ ಯಂತ್ರ 1993ರಲ್ಲಿ ಮುಂಬಯಿಗೂ 1996ರಲ್ಲಿ ಚೆನ್ನೈಗೂ ಬಂದಿತು. ಇದರ ದರ್ಶನ ಸರಳ: ಲಕೋಟೆ ಪಟ್ಟಿಯ ಮೇಲೆ ಓಡುತ್ತದೆ, ಕ್ಯಾಮೆರಾ ಮುಖ ನೋಡುತ್ತದೆ, ಆರಂಕಿ ಓದುತ್ತದೆ, ಗೂಡಿಗೆ ತಳ್ಳುತ್ತದೆ. ಪ್ರತ್ಯಕ್ಷವೇ ಪ್ರಮಾಣ, ಅನುಮಾನಕ್ಕೆ ಎಡೆಯಿಲ್ಲ, ಅನುಮಾನ ಬಂದರೆ ‘ರಿಜೆಕ್ಟ್’ ಗೂಡಿದೆ.

ಪ್ರತ್ಯಕ್ಷಪ್ರಮಾಣವನ್ನು ಖಂಡಿಸಲು ಪುಣೆಯ ಸೋಮವಾರ ಪೇಟೆಯ ಪಿನ್ ಸಾಕು. 411011 ಎಂಬುದನ್ನು ಮರಾಠಿ ಅಂಕಿಯಲ್ಲಿ ಬರೆಯಿರಿ. ಅಲ್ಲಿಯ ಒಂದು ಇಂಗ್ಲಿಷಿನ ಒಂಬತ್ತರಂತೆ, ನಾಲ್ಕು ತಲೆ ಬಿರಿದ ಎಂಟರಂತೆ ಕಾಣುತ್ತದೆ. ಇಂಗ್ಲಿಷ್ ಮಾತ್ರ ಕಲಿತ ಕಣ್ಣಿಗೆ ಅದು 899099. ಇನ್ನು ಕನ್ನಡದಲ್ಲಿ ಬರೆದರೆ? ನಮ್ಮ ಒಂದು, ಬಾಯಿ ತೆರೆದ ಸೊನ್ನೆ. ನಮ್ಮ ನಾಲ್ಕೂ ಎಂಟರ ನೆಂಟ. ಆಗ ಇಡೀ ಸೋಮವಾರ ಪೇಟೆ 800000 ಆಗಿ, ಪಟನಾದ ದೊಡ್ಡ ಅಂಚೆ ಕಚೇರಿಗೆ (800001) ಒಂದೇ ಅಂಕಿಯಷ್ಟು ಈಚೆಗೆ ಬಂದು ನಿಲ್ಲುತ್ತದೆ. ಗಂಗೆ ಕಣ್ಣಿಗೆ ಕಾಣುತ್ತದೆ, ಸ್ನಾನವಿಲ್ಲ.

ಅಂಕಿ ದಾಟಿದರೂ ಹೆಸರಿನ ಹೊಸ್ತಿಲು ಉಳಿದೇ ಇದೆ. ಮರಾಠಿಗರ ಹೆಸರು ತಾನು, ತನ್ನಪ್ಪ, ಕುಲನಾಮ ಎಂಬ ಕ್ರಮದಲ್ಲಿ ನಡೆದರೆ, ಹಳೇ ಮೈಸೂರಿನವನದು ಊರು, ಅಪ್ಪ, ತಾನು ಎಂದು ನಡೆಯುತ್ತದೆ. ಊರೂ ಅಪ್ಪನೂ ಒಂದೊಂದು ಅಕ್ಷರಕ್ಕೆ ಇಳಿದಿರುತ್ತಾರೆ. ಪುಣೆಯ ಸೊಸೈಟಿಯಲ್ಲಿ ಎಚ್.ಎಸ್. ಮೂರ್ತಿಯ ಫಾರಂ ತುಂಬುವವನು ಆಡನಾಂವ್, ಅಂದರೆ ಕುಲನಾಮ, ಕೇಳುತ್ತಾನೆ. ಇಲ್ಲವೆಂದರೆ ನಂಬುವುದಿಲ್ಲ. ಕೊನೆಗೆ ಮೂರ್ತಿಯೆಂಬುದೇ ಕುಲವಾಗಿ, ಹೆಂಡತಿ ಮಿಸೆಸ್ ಮೂರ್ತಿಯಾಗಿ, ಮಗ ಮೂರ್ತಿ ಘರಾಣೆಯ ಕುಡಿಯಾಗಿ ಟಪಾಲು ಪೆಟ್ಟಿಗೆಯ ಮೇಲೆ ನೆಲೆಸುತ್ತಾರೆ. ಊರಿನಿಂದ ಎಚ್.ಎಸ್. ಎಂದು ಹುಡುಕಿಕೊಂಡು ಬಂದ ಕಾಗದ ‘ನಾಟ್ ನೋನ್’ ಎಂಬ ಷರಾ ಹೊತ್ತು ಮರಳುತ್ತದೆ. ‘ಇನ್‌ಸಫಿಷಿಯೆಂಟ್ ಅಡ್ರೆಸ್’, ‘ಲೆಫ್ಟ್’, ‘ರಿಫ್ಯೂಸ್ಡ್’, ‘ಡೋರ್ ಲಾಕ್ಡ್’ ಎಂಬ ಉಳಿದ ಷರಾಗಳ ಭಾಷ್ಯಕ್ಕೆ ಇಲ್ಲಿ ಸ್ಥಳವಿಲ್ಲ. ಕೊನೆಯದನ್ನು ಮಾತ್ರ ಮುಂದೆ ನೋಡೋಣ.

ಸಿದ್ಧಾಂತ ಇಷ್ಟು. ರಿಜೆಕ್ಟ್ ಗೂಡಿನಲ್ಲಿ ಬಿದ್ದ ಪತ್ರ ಕಡೆಗೆ ಮನುಷ್ಯನ ಕೈಗೇ ಬರುತ್ತದೆ, ಮನುಷ್ಯನಿಗೆ ಪ್ರತ್ಯಕ್ಷದ ಆಚೆಗೂ ಪ್ರಮಾಣಗಳಿವೆ. ಪುಣೆಯ ಪೇಟೆಗಳಲ್ಲಿ ದೇವರುಗಳೇ ಗುರುತಿನ ಕಲ್ಲು: ಉಪವಾಸದ ವಿಠೋಬ ಉಪಾಶಿ ವಿಠೋಬಾ, ಜಿಲೇಬಿಯ ಹನುಮಂತ ಜಿಲಬ್ಯಾ ಮಾರುತಿ, ಕೊಲೆಯ ಹೆಸರು ಹೊತ್ತ ಖುನ್ಯಾ ಮುರಲೀಧರ. ಇವರ ಎದುರು, ಹಿಂದೆ, ಬಲಕ್ಕೆ ಎಂದರೆ ಯಂತ್ರಕ್ಕೆ ಎಡಬಲವೇ ತಿಳಿಯದು, ಬೀಟಿನ ಪೋಸ್ಟ್‌ಮ್ಯಾನ್‌ಗೆ ಪಿನ್ ಬೇಡವಾಗುತ್ತದೆ. ಇನ್ನು ವಿಳಾಸವೆಲ್ಲ ಕನ್ನಡ ಲಿಪಿಯಲ್ಲಿದ್ದರೆ ಈ ಪ್ರಬಂಧವು ‘ಗಲ್ಲಾನ್ಯಾಯ’ವನ್ನು ಪ್ರತಿಪಾದಿಸುತ್ತದೆ: ಅಂಥ ಪತ್ರವನ್ನು ಸಮೀಪದ ಉಡುಪಿ ಹೋಟೆಲಿನ ಗಲ್ಲಾದ ಮುಂದೆ ಹಿಡಿಯಬೇಕು. ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ವೈಶಾಲಿ, ರೂಪಾಲಿಗಳನ್ನು ನಡೆಸಿದ ಜಗನ್ನಾಥ ಶೆಟ್ಟರ ಸೀಮೆಯವರು ಗಲ್ಲಾದಲ್ಲಿ ಕೂತಿರುವ ತನಕ ಪುಣೆಗೆ ಬೇರೆ ಲಿಪಿತಜ್ಞರು ಬೇಕಿಲ್ಲ. ಓದಿ ಹೇಳುತ್ತಾರೆ, ಜೊತೆಗೆ ಕಾಫಿ ಕುಡಿದು ಹೋಗಿ ಅನ್ನುತ್ತಾರೆ. ವಿಂಗಡಣೆ ಯಂತ್ರಗಳಲ್ಲಿ ಈ ಸೌಲಭ್ಯ ಇನ್ನೂ ಅಳವಡಿಕೆಯಾಗಿಲ್ಲ.

ನವ್ಯನ್ಯಾಯದ ಪಂಡಿತರು ಇದಕ್ಕೂ ಉತ್ತರ ತಂದಿದ್ದಾರೆ. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಹೊರತಂದ ಡಿಜಿಪಿನ್, ಹೈದರಾಬಾದಿನ ಐಐಟಿ ಮತ್ತು ಇಸ್ರೋದ ದೂರಸಂವೇದಿ ಕೇಂದ್ರದ ನೆರವಿನಿಂದ ಇಡೀ ದೇಶವನ್ನು ಸುಮಾರು 4 ಮೀಟರ್ ಉದ್ದ 4 ಮೀಟರ್ ಅಗಲದ ಚೌಕಗಳಾಗಿ ಕೊಯ್ದು, ಒಂದೊಂದಕ್ಕೂ ಹತ್ತಕ್ಷರದ ನಾಮಕರಣ ಮಾಡಿದೆ. ಆಲದ ಮರದ ಬುಡಕ್ಕೂ ಈಗ ವಿಳಾಸವಿದೆ. ಆದರೆ ಚೌಕಕ್ಕೆ ಉದ್ದ ಅಗಲವುಂಟು, ಎತ್ತರವಿಲ್ಲ. ಸದಾಶಿವ ಪೇಟೆಯ ಹಳೇ ವಾಡೆಯೊಂದರಲ್ಲಿ ಒಂದೇ ಚೌಕದ ಕೆಳಗೆ ಮಾಲೀಕ, ಮೇಲೆ ಬಾಡಿಗೆದಾರ, ಅಟ್ಟದಲ್ಲಿ ಮಾಲೀಕನಿಗೂ ಬಾಡಿಗೆದಾರನಿಗೂ ಮಾತು ಬಿಡಿಸಿದವನು. ಉಪಗ್ರಹ ಮೂವರನ್ನೂ ಒಬ್ಬನೇ ಎಂದು ನೋಡುತ್ತದೆ. ಅದ್ವೈತಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲವಾದರೂ, ನೋಟೀಸು ಯಾರ ಕೈಗೆ ಕೊಡಬೇಕೆಂಬುದನ್ನು ಅದ್ವೈತ ಹೇಳುವುದಿಲ್ಲ.

ಡಿಜಿಪಿನ್ನಿನಲ್ಲಿ ಕಾಲಕ್ಕೂ ಅಂಕಣವಿಲ್ಲ. ಪುಣೆಯಲ್ಲಿ ಮಧ್ಯಾಹ್ನ 1ರಿಂದ 4ರವರೆಗೆ ಬಾಗಿಲು ಹಾಕಿದ್ದರೆ ಅದು ‘ಡೋರ್ ಲಾಕ್ಡ್’ ಅಲ್ಲ, ನಿದ್ದೆ. ಈ ಭೇದವನ್ನು ಗುರುತಿಸುವ ಷರಾ ಅಂಚೆ ಕೈಪಿಡಿಗೆ ಸೇರಬೇಕೆಂದು ಪ್ರಬಂಧ ಶಿಫಾರಸು ಮಾಡುತ್ತದೆ. ಇದರ ಮೇಲೆ ಆಕ್ಷೇಪವಿದ್ದವರು ಲಿಖಿತವಾಗಿ ಕಳಿಸಬಹುದು. ಪಿನ್ ಕೋಡ್ ಬರೆಯಬೇಕು. ಬೇರಿಂಗ್ ಪತ್ರಗಳನ್ನು ಬಿಡಿಸಿಕೊಳ್ಳಲಾಗುವುದಿಲ್ಲ. ಖುದ್ದು ಬರುವವರು ನಾಲ್ಕರ ನಂತರ ಬರಬೇಕು. ಗಂಟೆ ಒಂದೇ ಸಲ ಬಾರಿಸಬೇಕು.